ಅರಸಿನದ ಬರೆ

ಗಿರಿಜಾ, ನಿನ್ನ ಹೊಟ್ಟೆನೋವು ವಾಸಿಯಾಗಿರಲಿಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ವಾಸಿಯಾಯಿತೆಂದು ಮಣ್ಣಗುಡ್ಡದ ಮನೆಮನೆಗೂ ಹೇಳಿಕೊಂಡು ಬಂದೆ.

ಇವತ್ತು ನನ್ನ ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ಕಾಲುನೋವೆಂದು ಇಡೀ ವರ್ಷ ಗೋಡೆ ಹಿಡಿದು ನಡೆದ ನಿನ್ನ ಮಗಳು ಶಶಿ ಅಂಗಳದಲ್ಲಿ ಕುಂಟಬಿಲ್ಲೆ ಆಡಿದಳು. ನಾನು ಕುಣಿಯುವುದೊಂದು ಬಾಕಿ. ಆದರೆ ಬಾಗಿಲಲ್ಲಿ ನಿಂತಿದ್ದ ನೀನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಅದನ್ನು ನೋಡಿದ ಮೇಲೆ —

ಆ ಹೊಟ್ಟೆನೋವು ಸುರುವಾದಾಗ ನಿನಗೂ ಶಶಿಯದೇ ಪ್ರಾಯ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಂತದೂ ಇಲ್ಲ, ಶಾಲೆ ತಪ್ಪಿಸುವ ಉಪಾಯ ಎಂದರು. ಮೂರನೇ ಕ್ಲಾಸು ಓದಿದ ನಾನು ನಂಬಿದೆ. ಕಟ್ಟುತ್ತಿದ್ದ ಬೀಡಿ ಬದಿಗಿಟ್ಟು ಅರಸಿನದ ಕೊಂಬನ್ನು ಕೆಂಡಕ್ಕೆ ಹಿಡಿದೆ. ಹೊಟ್ಟೆನೋವಿನ ಮಕ್ಕಳಿಗೆ ಹೊಕ್ಕುಳ ಪಕ್ಕ ಬರೆ ಹಾಕುವುದು ನಮ್ಮಲ್ಲಿ ಇದ್ದದ್ದೇ. ನನಗೂ ನನ್ನ ಅಮ್ಮ ಹಾಕಿದ್ದಳು. ಕೆಂಪಾದ ತುದಿಯನ್ನು ನಿನ್ನ ಹೊಟ್ಟೆಗೆ ಒತ್ತಿದಾಗ ನೀನು ಕೂಗಲಿಲ್ಲ. ನನ್ನ ಮುಖವನ್ನೇ ನೋಡಿದೆ.

ಮರುದಿನ ನಾನು ಕೇಳಿದೆ, "ನೋವು ಉಂಟಾ?"

"ಇಲ್ಲಮ್ಮ. ಹೋಯ್ತು."

ಆಮೇಲೆ ನೀನು ನೋವಿನ ಸುದ್ದಿಯೇ ಎತ್ತಲಿಲ್ಲ. ಆಚೆಮನೆಯ ಕಲ್ಯಾಣಿ ಬಂದಳು. "ನಿನ್ನ ಕೈಗುಣ ಭಾರೀ ಉಂಟು ಮಾರಾಯ್ತಿ. ನನ್ನ ಮಗನಿಗೂ ಒಂದು ಹಾಕು."

ನನಗೆ ಹೆಮ್ಮೆ. ಆ ಸಂಜೆ ನೀರಿನ ಕೊಡಪಾನ ಹೊತ್ತು ಬಚ್ಚಲಿಗೆ ಬಂದರೆ — ಹಂಡೆಯ ಹಿಂದೆ ನೀನು ಮುದುಡಿ ಕೂತಿದ್ದೆ, ಲಂಗದ ತುದಿಯನ್ನು ಬಾಯಿಗೆ ತುರುಕಿಕೊಂಡು. ನಾನು ಸದ್ದು ಮಾಡದೆ ತಿರುಗಿ ಹೋದೆ. ಮರುದಿನ ಬರೆ ಹಾಕುವಾಗ ಕಲ್ಯಾಣಿಯ ಮಗನ ಕಾಲು ಹಿಡಿಯಲು ನಿನ್ನನ್ನೇ ಕರೆದೆ. ಆಮೇಲೂ ಮಕ್ಕಳು ಬಂದರು. ಎಲ್ಲರೂ ನೋವು ಹೋಯ್ತು ಎಂದೇ ಹೇಳಿದರು. ನನ್ನ ಕೈಯಲ್ಲಿ ಎಷ್ಟು ಮಕ್ಕಳು ಬಾಯಿ ಮುಚ್ಚಿದರೋ —

ಶಶಿಗೆ ಕಾಲುನೋವು ಸುರುವಾದಾಗಲೂ ನಾನು ಅರಸಿನ ಹುಡುಕಿದೆ. ನೀನು ಡಬ್ಬಿಯನ್ನೇ ಎತ್ತಿ ಹರಿಯುವ ತೋಡಿಗೆ ಎಸೆದೆ.

ಹೊಸ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು, ಎಲುಬಿನಲ್ಲಿ ಏನೂ ಕಾಣುವುದಿಲ್ಲ ಎಂದರು. ಹಾಗಾದರೆ ಹುಡುಗಿ ಹೇಳುವುದು ಸುಳ್ಳು ಎಂದೆ ನಾನು.

"ಕಾಣದಿದ್ದರೂ ನೋವು ಉಂಟು ಅಜ್ಜಿ. ಮಗು ಹೇಳ್ತದಲ್ಲ."

ಬಿಸಿನೀರಿನ ಶಾಖ, ದಿನವೂ ಸ್ವಲ್ಪ ನಡಿಗೆ, ನೋವಿದ್ದರೂ ಅರ್ಧ ದಿನ ಶಾಲೆ, ಯಾರೂ ಬೈಯಬಾರದು — ಅಷ್ಟೇ ಮದ್ದು. ತಿಂಗಳುಗಟ್ಟಲೆ ಹಿಡಿಯಿತು.

ಇವತ್ತು ಆಡಿ ಬಂದ ಶಶಿಯನ್ನು ಅಪ್ಪಿಕೊಂಡು, ನೋವು ಹೋಯ್ತಾ ಎಂದು ಕೇಳಿದೆ.

"ಸ್ವಲ್ಪ ಉಂಟಜ್ಜಿ," ಎಂದಳು, ನನ್ನ ಮುಖ ನೋಡಿಯೇ. ಹೆದರದೆ. ಅವಳು ಹಾರಿದ್ದಕ್ಕಿಂತ ನನಗೆ ಅದೇ ದೊಡ್ಡ ಸಂತೋಷ.

ನಿನ್ನನ್ನು ಮಾತ್ರ, ನೋವು ಉಂಟಾ ಎಂದು ಇಷ್ಟು ವರ್ಷ ಮತ್ತೆ ಕೇಳಿಲ್ಲ. ಈಗ ನೀನು ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕುತ್ತಿದ್ದೀ. ಒಳಗೆ ಸದ್ದಿಲ್ಲ. ನಾನು ಕೊಡಪಾನ ಹೊತ್ತು ಬರುತ್ತಿದ್ದೇನೆ, ಗಿರಿಜಾ. ಈ ಸಲ ತಿರುಗಿ ಹೋಗುವುದಿಲ್ಲ.