ಜನವರಿಯ ಆನೆ ಪಾಠ

ಜವಳಗಿರಿಯ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿಸುತ್ತಲೇ ತಲೆ ನರೆತವರು ರಮಾದೇವಿ ಟೀಚರ್. ಮೂರನೇ ತರಗತಿ ಈ ವರ್ಷ ಕಲಿಯುವ ಪಾಠಗಳನ್ನು ಜೂನ್‌ನಲ್ಲೇ ಕರಿಹಲಗೆಯ ಮೇಲೆ ಬರೆದರು. ಎಲ್ಲಕ್ಕಿಂತ ಮೊದಲು, ಆನೆ ಎದುರಾದರೆ ಏನು ಮಾಡಬೇಕು ಎಂಬ ಪಾಠ.

ತಪಾಸಣೆಗೆ ಬಂದ ಅಧಿಕಾರಿ, ಆನೆಯನ್ನು ಚಿತ್ರದಲ್ಲಷ್ಟೇ ಕಂಡ ಪುಣ್ಯಾತ್ಮ, ಆ ಸಾಲನ್ನು ಒರೆಸಿಬಿಟ್ಟರು.

"ಪುಸ್ತಕದ ಪ್ರಕಾರ ಇದು ಜನವರಿಯ ಪಾಠ."

ರಮಾದೇವಿಗೆ ಮೈಯೆಲ್ಲ ಉರಿದುಹೋಯಿತು. "ರಾಗಿ ತೆನೆ ಕಟ್ಟೋ ಹೊತ್ಗೇ ಆನೆ ನುಗ್ತವೆ ಸಾರ್. ನಿಮ್ ಪುಸ್ತಕ ನೋಡ್ಕೊಂಡು ಬತ್ತವಾ?"

ಅಧಿಕಾರಿ ನಕ್ಕರು. "ಹೋದ ವರ್ಷವೂ ಜನವರಿಯಲ್ಲೇ ಮಾಡಿದ್ರಲ್ಲ, ಮಕ್ಕಳು ಕಲಿಯಲಿಲ್ವಾ?"

ಟೀಚರ್ ಸೀಮೆಸುಣ್ಣ ಎತ್ತಿಕೊಂಡು ಒರೆಸಿದ ಜಾಗದಲ್ಲೇ ಮತ್ತೆ ಬರೆಯತೊಡಗಿದರು.

"ಕಲಿತ್ರು. ಮುನೀಶ ಒಬ್ಬನ್ನ ಬಿಟ್ಟು. ಅವ್ನು ನವೆಂಬರ್‌ನಲ್ಲೇ ಆನೆ ಕಾಲಿಗೆ ಸಿಕ್ಕಿ ಸತ್ತಿದ್ದ."