ಕಡಬದ ಅಂಗಳದಲ್ಲಿ ಒಂದು ‘ಬರ್ಲಿ’

ಶನಿವಾರ ಬೆಳಿಗ್ಗೆ ಕಬಕದ ಮನೆಯಿಂದ ಕಾರು ಹೊರಟದ್ದೇ ನನಗೆ ತಿಳಿಯಲಿಲ್ಲ. ಗೇಟು ಹಿಂದೆ ಸರಿಯಿತು, ಅಷ್ಟೆ. “ಸ್ಟಾರ್ಟ್ ಆಯ್ತಾ?” ಎಂದು ಕೇಳಿದೆ.

“ಆಗಿ ರೋಡಿಗೆ ಬಂದೂ ಆಯ್ತು ಮಾರಾಯ್ತಿ,” ಎಂದು ನನ್ನ ಗಂಡ ಸುಧೀರ ನಕ್ಕ.

ಏಳು ಸೀಟಿನ ಹೈಬ್ರಿಡ್ ಎಸ್‌ಯುವಿ ಮನೆಗೆ ಬಂದು ವಾರವಾಗಿತ್ತು. ನಿಧಾನಕ್ಕೆ ಹೋಗುವಾಗ ಬ್ಯಾಟರಿ ಸಾಕು. ಏರು ಬಂದರೆ ಪೆಟ್ರೋಲ್ ಎಂಜಿನ್ ತಾನಾಗಿ ಎಚ್ಚರಗೊಳ್ಳುತ್ತದೆ. ಸುಳ್ಯ, ಬೆಳ್ಳಾರೆ, ಕಡಬ ಸುತ್ತಿ ಸಂಜೆಗೆ ಮನೆ ಸೇರುವುದು ನಮ್ಮ ಲೆಕ್ಕ.

ಹಳೆಯ ಕಾರಿನಲ್ಲಿ ಸುಳ್ಯದ ತಿರುವುಗಳಿಗೆ ನಾನು ನಿಂಬೆಹಣ್ಣು ಮೂಸುತ್ತ ಕೂರುತ್ತಿದ್ದೆ. ಈ ಸಲ ಹಣ್ಣು ಚೀಲದಲ್ಲೇ ಉಳಿಯಿತು. ಸೀಟಿನೊಳಗಿಂದ ತಣ್ಣನೆ ಗಾಳಿ. ಎದುರು ಬರುವ ಬಸ್ಸಿನ ಡ್ರೈವರನನ್ನು ಕತ್ತೆತ್ತದೆ ನೋಡಬಹುದು. ಸುಳ್ಯದ ಹೋಟೆಲಿನಲ್ಲಿ ತಿನ್ನಲು ಗೋಳಿಬಜೆ ಹೇಳುವ ಮೊದಲೇ ಸುಧೀರ ಲೀಟರಿಗೆ ಇಪ್ಪತ್ತು ದಾಟಿದ ಮೈಲೇಜಿನ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ.

ಬೆಳ್ಳಾರೆಯ ನರ್ಸರಿಯಲ್ಲಿ ಹಿಂದಿನ ಸಾಲು ಮಡಚಿ ಜಾಯಿಕಾಯಿ ಸಸಿಗಳನ್ನು ತುಂಬಿಸಿದೆವು. “ಇದು ಕಾರಾ, ಪಿಕಪ್ಪಾ ಮಾರಾಯ್ರೆ?” ಎಂದು ನರ್ಸರಿಯವರು ಕೇಳಿದರು. ಮುಂದೆ ರಸ್ತೆ ಕೆಲಸ. ಕಾರಿನ ಬೆನ್ನೆಲ್ಲ ಕೆಸರು.

ಕಡಬದಲ್ಲಿ ಸುಧೀರನ ಸೋದರತ್ತೆ ಗಿರಿಜತ್ತೆಯ ಮನೆ. ಊಟವಾದ ಮೇಲೆ ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಅಣ್ಣನನ್ನು ನೋಡದೆ ವರ್ಷ ಆಯ್ತು. ನಾನೂ ಬರುದಾ?”

ಅಣ್ಣನೆಂದರೆ ನನ್ನ ಮಾವ, ಕಬಕದಲ್ಲಿದ್ದರು. ಸುಧೀರ ತಲೆ ಕೆರೆದುಕೊಂಡ. “ಸಸಿ ಉಂಟಲ್ಲಾ ಅತ್ತೆ, ಮುಂದಿನ ಸಲ.”

“ಆಯ್ತಪ್ಪಾ, ಗಿಡಕ್ಕೆ ಸೀಟು, ಅತ್ತೆಗೆ ಟಾಟಾ,” ಎಂದು ಅವರು ಒಳಗೆ ಹೋದರು.

ಅಂಗಳದಿಂದ ಹಿಮ್ಮುಖವಾಗಿಯೇ ಹೊರಬರಬೇಕಿತ್ತು. ಹಿಂದಿನ ಕ್ಯಾಮೆರಾಕ್ಕೆ ಕೆಸರು ಮೆತ್ತಿತ್ತು. ಅಂಗಳದ ಗಿಡಗಳಿಗೆಲ್ಲ ಪೀಂ ಪೀಂ ಅನ್ನುತ್ತದೆಂದು ಸುಧೀರ ಸೆನ್ಸರ್ ಆಫ್ ಮಾಡಿದ. ನಾನು ನೀರಿನ ಬಾಟಲಿ ಹಿಡಿದುಕೊಂಡೇ ಕಾರಿನ ಹಿಂದೆ, ಬಲಬದಿಗೆ ನಿಂತು, ಗಾಡಿ ಹಿಂದೆ ತೆಗೆಯುವಾಗ ನಮ್ಮಲ್ಲಿ ಎಲ್ಲರೂ ಹೇಳುವ ಹಾಗೆ ಕೈ ಆಡಿಸುತ್ತ ಕೂಗಿದೆ: “ಬರ್ಲಿ, ಬರ್ಲಿ, ಬರ್ಲಿ...”

ಪಕ್ಕದ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಅರಚುತ್ತಿತ್ತು. ಕಾರಿನದು ಸದ್ದೇ ಇಲ್ಲ. ಅಡುಗೆಮನೆಯ ಬದಿಯಿಂದ ಗಿರಿಜತ್ತೆ ಚೀಲ ಹಿಡಿದು, ಸೆರಗು ಸರಿಮಾಡಿಕೊಳ್ಳುತ್ತ, ನಗುತ್ತ ಓಡಿಬಂದರು. ನೇರ ಕಾರಿನ ಹಿಂದೆ.

“ನಿಲ್ಲಿ!” ಎಂದು ಕಿರುಚಿದೆ.

ನಿಂತದ್ದು ಅತ್ತೆ. ಕಾರು ನಿಲ್ಲಲಿಲ್ಲ. ಗಾಜು ಏರಿಸಿ, ಹಾಡು ಹಾಕಿ, ತಂಪಾಗಿ ಕುಳಿತ ಸುಧೀರನಿಗೆ ಏನೂ ಕೇಳಿಸಿರಲಿಲ್ಲ. ಕೈಯಲ್ಲಿದ್ದ ಸ್ಟೀಲ್ ಬಾಟಲಿಯಿಂದ ಹಿಂಬಾಗಿಲಿಗೆ ಬಲವಾಗಿ ಹೊಡೆದೆ. ಕಾರು ನಿಂತಾಗ ಬಂಪರು ಅತ್ತೆಯ ಚೀಲಕ್ಕೆ ತಾಗಿತ್ತು. ಚೀಲದ ಹಿಂದೆ ಅವರ ಮೊಣಕಾಲು.

“ಎಂತ ಆಯ್ತು? ಬಾಗಿಲಿಗೆ ಎಂತ ಹೊಡೆದದ್ದು?” ಎಂದು ಇಳಿದ ಸುಧೀರ, ಅತ್ತೆಯನ್ನು ಕಂಡು ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತ.

ಅತ್ತೆ ನನ್ನನ್ನೇ ನೋಡುತ್ತಿದ್ದರು. “ನೀನು ಬರ್ಲಿ ಬರ್ಲಿ ಅಂದದ್ದು ನನ್ನನ್ನಲ್ವಾ? ಅತ್ತೆಯೂ ಬರ್ಲಿ, ಹೇಗಾದರೂ ಜಾಗ ಮಾಡುವ ಅಂತ ಗ್ರಹಿಸಿದೆ. ಕೈಗೆ ಸಿಕ್ಕಿದ ಸೀರೆ ತುಂಬಿಸಿ ಓಡಿಬಂದೆ.”

ಸುಧೀರ ಎದ್ದು ಸಸಿಗಳನ್ನು ಒಂದೊಂದಾಗಿ ಇಳಿಸಿ ಅಂಗಳದ ಬದಿಯಲ್ಲಿಟ್ಟ. ಹಿಂದಿನ ಸಾಲು ಎತ್ತಿ ನಿಲ್ಲಿಸಿದ. ಅತ್ತೆ ಮಾತ್ರ ಮೊದಲಿಂದಲೂ ಖಾಲಿಯೇ ಇದ್ದ ನಡುಸಾಲಿನಲ್ಲಿ ನನ್ನ ಪಕ್ಕ ಕುಳಿತರು.

ಆಲಂಕಾರು, ಸವಣೂರು ದಾಟಿದೆವು. ಅತ್ತೆ ಸೀಟಿನ ತಂಪಿಗೆ ಬೆರಗಾಗುತ್ತಿದ್ದರು. “ಇದು ಫ್ರಿಜ್ಜಾ ಎಂತ?” ಕಾರು ನಿಜಕ್ಕೂ ಚೆಂದ ಓಡುತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ಬಂಪರು, ಚೀಲ, ಮೊಣಕಾಲು. ಈಗಲೂ ಅಷ್ಟೇ.

ಕಬಕದಲ್ಲಿ ಶೆಡ್ಡಿಗೆ ಕಾರು ಹಿಮ್ಮುಖವಾಗಿ ಹಾಕಬೇಕು. ಸುಧೀರ ಕ್ಯಾಮೆರಾ ಒರೆಸಿದ, ಸೆನ್ಸರ್ ಹಾಕಿದ, ಗಾಜುಗಳನ್ನೆಲ್ಲ ಇಳಿಸಿದ. “ಹೇಳು,” ಎಂದ. ನನ್ನ ಬಾಯಿಂದ ಆ ಶಬ್ದ ಹೊರಡಲಿಲ್ಲ.

ಜಗಲಿಯ ಮೇಲೆ ಅಣ್ಣನ ಪಕ್ಕ ಕುಳಿತಿದ್ದ ಗಿರಿಜತ್ತೆ ಅಲ್ಲಿಂದಲೇ ಕೂಗಿದರು: “ಬರ್ಲಿ ಮಾರಾಯಾ, ಬರ್ಲಿ! ನಾನು ಬಂದಾಯ್ತು.”