ತಪಾಸಣೆಗೆ ಹೊರಟ ವ್ಯಾನು

ತೊಕೊರೊವಾ ಎಂಬ ಊರಿನ ಮರದ ಕಾರ್ಖಾನೆಯಲ್ಲಿ ಆಯುಷ್ಯವನ್ನೆಲ್ಲ ದುಡಿದು ನಿವೃತ್ತನಾದ ನೋರೊವಾನಿಗೆ, ಹೆಂಡತಿ ತೀರಿಕೊಂಡ ಮೇಲೆ ದೇವರು ಒಂದು ಸೇವೆಯನ್ನು ಉಳಿಸಿಕೊಟ್ಟಿದ್ದನು. ತನ್ನಂತೆಯೇ ಕುಕ್ ದ್ವೀಪಗಳಿಂದ ಬಂದು ಈ ಊರಿನಲ್ಲಿಯೇ ಹಣ್ಣಾದ ಅಜ್ಜಿಯರನ್ನು ಅವನು ತನ್ನ ವ್ಯಾನಿನಲ್ಲಿ ಭಾನುವಾರದ ಆರಾಧನೆಗೂ ಶನಿವಾರದ ಕೌದಿ ಹೊಲಿಗೆಗೂ ಸಭಾಮಂದಿರಕ್ಕೆ ಕರೆದೊಯ್ಯುತ್ತಿದ್ದನು. ಬೆಳಿಗ್ಗೆ ಏಳುವುದಕ್ಕೆ ಅವನಿಗಿದ್ದ ಕಾರಣ ಅದೊಂದೇ.

ಆ ವಾರ, ಹಿಂದಕ್ಕೆ ಬರುತ್ತಿದ್ದ ಟ್ರ್ಯಾಕ್ಟರೊಂದು ವ್ಯಾನಿಗೆ ಗುದ್ದಿ, ಎಡ ಹಿಂಚಕ್ರದ ಮೇಲಿನ ತಗಡನ್ನು ಒಳಕ್ಕೆ ಬಗ್ಗಿಸಿತು. ಗಾಡಿ ರಸ್ತೆಗೆ ಯೋಗ್ಯವೆಂದು ಗಾಜಿಗೆ ಅಂಟಿಸಿದ್ದ ಫಿಟ್‌ನೆಸ್ ಚೀಟಿಯ ಅವಧಿಯೂ ಆಗಲೇ ಮುಗಿದಿತ್ತು. ಅವನು ಗ್ಯಾರೇಜಿನ ತಾಮತಿಗೆ ಫೋನು ಮಾಡಿದನು.

"ಶನಿವಾರ ಬೆಳಿಗ್ಗೆಗೆ ಬುಕಿಂಗ್ ಬರ್ಕೊಂಡಿದೀನಿ. ಚೀಟಿ ಮುಗಿದಿದ್ರೂ ತಪಾಸಣೆಗೆ ಅಂತ ತರಬಹುದು, ದೊಡ್ಡಪ್ಪ," ಎಂದನು ತಾಮತಿ. "ಆದ್ರೆ ನೇರ ಇಲ್ಲಿಗೇ ಬರ್ಬೇಕು. ಗಾಡಿ ಓಡ್ಸೋದ್ರಲ್ಲಿ ಅಪಾಯಾನೂ ಇರ್ಬಾರ್ದು. ಅಪಾಯ ಇದ್ರೆ, ಬುಕಿಂಗ್ ಇದೆ ಅಂದ್ರೂ ಕಾನೂನು ಕೇಳಲ್ಲ. ನಾನೇ ಎಳ್ಕೊಂಡು ಬರ್ತೀನಿ."

ನೋರೊವಾ ನೆಲಕ್ಕೆ ಮೊಣಕಾಲೂರಿ ನೋಡಿದನು. ತಗಡಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಅಂಗಳದಲ್ಲಿ ಸುತ್ತು ಹೊಡೆದನು, ಎಲ್ಲಿಯೂ ತಾಗಲಿಲ್ಲ. ದೇವರನ್ನು ನೆನೆದು, ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ಹೊರಟನು.

ತಿರುವಿನಲ್ಲಿ ಅಜ್ಜಿಯರು ಕೌದಿಯ ಗಂಟುಗಳೊಂದಿಗೆ ನಿಂತಿದ್ದರು. ಎಲ್ಲರಿಗಿಂತ ಹಿರಿಯಳಾದ ಉಪೊಕೊಯಿನಾ ಕೈಯೆತ್ತಿದಳು. ದಾರಿಯಲ್ಲಿ ನಿಂತ ಹಿರಿಯರನ್ನು ದಾಟಿ ಗಾಡಿ ಓಡಿಸುವವನು ಆ ದ್ವೀಪಗಳವರಲ್ಲಿ ಇನ್ನೂ ಹುಟ್ಟಿಲ್ಲ.

"ಇವತ್ತು ಗ್ಯಾರೇಜಿಗೆ ಮಾತ್ರ, ಅಜ್ಜಿ. ಹೇಳಿ ಕಳಿಸಿದ್ನಲ್ಲ."

"ಹೇಳಿ ಕಳಿಸ್ದೆ, ಕೇಳಿಸ್ಕೊಂಡ್ವಿ. ಸಭಾಮಂದಿರ ಗ್ಯಾರೇಜಿನ ದಾರೀಲೇ ಇದೆ. ನೀನು ನೇರಾನೇ ಹೋಗು, ನಾವು ನಡುವೆ ಇಳ್ಕೋತೀವಿ."

ಹೀಗೆ ಹೇಳುತ್ತಲೇ ಅವಳು ಹತ್ತಿ ಕುಳಿತಿದ್ದಳು. ಹಿಂದೆಯೇ ಟೀಯಾ ಅಜ್ಜಿ, ಅವಳ ಹಿಂದೆ ಉಳಿದವರು. ವ್ಯಾನು ಮೆಲ್ಲಗೆ ಕುಗ್ಗಿತು.

ಮೊದಲ ತಿರುವಿನಲ್ಲಿಯೇ ಹಿಂಬದಿಯಿಂದ ಕರಕರ ಸದ್ದು ಬಂದಿತು. ಅಜ್ಜಿಯರು ಕೀರ್ತನೆ ಆರಂಭಿಸಿದ್ದರಿಂದ ಅದು ನೋರೊವಾನಿಗೆ ಮಾತ್ರ ಕೇಳಿಸಿತು. ಆಮೇಲೆ ಸುಟ್ಟ ರಬ್ಬರಿನ ವಾಸನೆ. ನಿಮ್ಮ ಭಾರಕ್ಕೆ ಹೀಗಾಯಿತೆಂದು ಹಿರಿಯರಿಗೆ ಹೇಳುವುದು ಹೇಗೆ? ಸೇತುವೆಯಾಚೆ ಮಂದಿರದ ಮಾಡು ಕಾಣಿಸುತ್ತಿತ್ತು. ಈಗ ನಿಲ್ಲಿಸಿದರೆ, ವ್ಯಾನಿನ ಕಾಲ ಮುಗಿಯಿತೆಂದು ಎಲ್ಲರೂ ತಿಳಿಯುವರು. ಸಭೆಯ ಹುಡುಗರಲ್ಲಿ ಯಾರಾದರೂ ಹೊಸ ಗಾಡಿ ತರುವರು. ತನಗಾಗಿ ಕಾಯುವವರು ಯಾರೂ ಇರುವುದಿಲ್ಲ. ದೇವರು ಮನುಷ್ಯನನ್ನು ತೂಗಿ ನೋಡುವುದು ಇಂತಹ ಗಳಿಗೆಯಲ್ಲಿಯೇ. ನೋರೊವಾ ಸೇತುವೆಗೆ ಮುನ್ನವೇ ರಸ್ತೆಯ ಬದಿಗೆ ಸರಿದು ನಿಲ್ಲಿಸಿದನು.

"ಯಾಕೋ ನಿಂತೆ?" ಎಂದಳು ಉಪೊಕೊಯಿನಾ.

"ಟೈರು ಉಜ್ತಾ ಇದೆ, ಅಜ್ಜಿ."

"ನಾವು ಹತ್ತೋಕ್ ಮುಂಚೆ ಉಜ್ತಿತ್ತಾ?"

ಅವನು ತಲೆ ತಗ್ಗಿಸಿದನು. "ಇಲ್ಲ."

ಉಪೊಕೊಯಿನಾ ಮೈ ಕುಲುಕಿಸಿ ನಗತೊಡಗಿದಳು. "ಟೀಯಾ, ನಿನ್ನೆ ನೀನು ತಿಂದ ಹಂದಿಮಾಂಸ ಸಾಕ್ಷಿ ಹೇಳ್ತಾ ಇದೆ ನೋಡು."

"ನನ್ನ ಮೇಲೆ ಹಾಕ್ಬೇಡ. ನಿನ್ನ ಗಂಟೇ ಒಂದು ಆಳು ತೂಗತ್ತೆ." ಎಲ್ಲರೂ ಒಬ್ಬೊಬ್ಬರಾಗಿ ಇಳಿದರು; ಟೀಯಾ ಸೊಂಟ ನೀವಿಕೊಂಡಳು. "ನಾವು ಇಳಿದಾಯ್ತಲ್ಲ, ಈಗ ಖಾಲಿ ಗಾಡಿ ಹೊಡ್ಕೊಂಡು ಹೋಗು. ಬುಕಿಂಗ್ ಇದೆಯಲ್ಲ."

ನೋರೊವಾ ಟೈರಿನ ಅಂಚನ್ನು ತೋರಿಸಿದನು. ರಬ್ಬರು ಸೀಳಿ ಒಳಗಿನ ನೂಲು ಹೊರಬಂದಿತ್ತು. "ಬುಕಿಂಗ್ ಇದ್ರೂ ಇದನ್ನ ಓಡ್ಸೋದು ತಪ್ಪು, ಅಜ್ಜಿ. ಸೇತುವೆ ಮೇಲೆ ಸಿಡಿದ್ರೆ ಎದುರಿಗೆ ಬರೋರ ಗತಿ ಏನು? ನಿಮ್ಮನ್ನ ಹತ್ತಿಸ್ಕೊಂಡಿದ್ದೂ ತಪ್ಪೇ." ಅವನು ವ್ಯಾನಿನ ಕೀಲಿ ತೆಗೆದು ಜೇಬಿಗಿಳಿಸಿದನು. "ಇನ್ಮೇಲೆ ಬೇರೆ ಯಾರನ್ನಾದ್ರೂ ಕೇಳ್ಕೊಳ್ಳಿ."

"ಗಾಡೀಗಾಗಿ ಕಾಯ್ತಿದ್ವಿ ಅಂದ್ಕೊಂಡ್ಯಾ?" ಎಂದಳು ಉಪೊಕೊಯಿನಾ. "ಗಾಡಿ ಇರೋ ಮೊಮ್ಮಕ್ಕಳು ನನಗೂ ಇದಾರೆ. ಸುಮ್ನೆ ಈ ಗಂಟು ಹಿಡಿ."

ನೋರೊವಾ ಫೋನು ಮಾಡಿ ಕರೆಸಿದ ತಾಮತಿ ಬಂದು ವ್ಯಾನನ್ನು ತನ್ನ ಲಾರಿಯ ಮೇಲೆ ಎಳೆದುಕೊಳ್ಳುವವರೆಗೂ ಅವರಲ್ಲಿ ಒಬ್ಬರೂ ಕದಲಲಿಲ್ಲ. ಲಾರಿ ಹೊರಟ ಮೇಲೆ ನೋರೊವಾ ಗಂಟುಗಳನ್ನು ಹೆಗಲಿಗೇರಿಸಿದನು. ಉಪೊಕೊಯಿನಾ ಅವನ ಮೊಣಕೈಯನ್ನು ಭದ್ರವಾಗಿ ಹಿಡಿದುಕೊಂಡಳು.

"ಮೆಲ್ಲಗೆ ನಡಿ," ಎಂದಳು. "ಮುಂದಿನ ಶನಿವಾರಾನೂ ಹೀಗೇ ನಡೀಬೇಕಾದೀತು."

ಅವರು ಸೇತುವೆಯ ಮೇಲೆ ಕಾಲಿಟ್ಟರು.